ಕುಟ್ಟನಾಡು: ನೆರೆ ಇಳಿಯುವ ಬಗೆ

ಕೇರಳದ ಕುಟ್ಟನಾಡಿನಲ್ಲಿ ಗದ್ದೆ ಕೆಳಗೆ, ನೀರು ಮೇಲೆ. ಆಲಪ್ಪುಳ, ಕೋಟ್ಟಯಂ, ಪತ್ತನಂತಿಟ್ಟ ಜಿಲ್ಲೆಗಳಲ್ಲಿ ಹರಡಿರುವ ಈ ಸೀಮೆಯ ಬಹಳಷ್ಟು ಗದ್ದೆಗಳು ಸಮುದ್ರಮಟ್ಟಕ್ಕಿಂತ ಅರ್ಧದಿಂದ ಎರಡು ಮೀಟರಿನಷ್ಟು ತಗ್ಗಿನಲ್ಲಿವೆ. ವೇಂಬನಾಡ್ ಕಾಯಲಿನ (ಹಿನ್ನೀರ ಸರೋವರದ) ಅಂಚಿನ ಕೆಸರಿಗೆ ಸುತ್ತಲೂ ಒಡ್ಡು ಹಾಕಿ, ಒಳಗಿನ ನೀರನ್ನು ಎತ್ತಿ ಹೊರಚೆಲ್ಲಿ, ತಲೆಮಾರುಗಳಿಂದ ಇಲ್ಲಿ ಭತ್ತ ಬೆಳೆಯುತ್ತಿದ್ದಾರೆ. ಒಂದೇ ಒಡ್ಡಿನೊಳಗಿನ ಗದ್ದೆಗಳ ಸಮೂಹಕ್ಕೆ ಪಾಡಶೇಖರ ಎಂದು ಹೆಸರು.

ಪಂಪಾ, ಮಣಿಮಲ, ಅಚ್ಚನ್‌ಕೋವಿಲ್, ಮೀನಚ್ಚಿಲ್ ನದಿಗಳು ಸಹ್ಯಾದ್ರಿಯಿಂದ ಇಳಿದು ಇಲ್ಲಿಗೇ ಬರುತ್ತವೆ. 2018ರ ಜುಲೈಯಲ್ಲೇ ಕುಟ್ಟನಾಡು ಒಮ್ಮೆ ಮುಳುಗಿತ್ತು. ಅದರಿಂದ ಚೇತರಿಸಿಕೊಳ್ಳುವ ಮೊದಲೇ, ನಮ್ಮ ಕೊಡಗಿನಲ್ಲಿ ಗುಡ್ಡಗಳು ಕುಸಿದ ಅದೇ ದಿನಗಳಲ್ಲಿ, ಮಹಾಮಳೆ ಸುರಿಯಿತು. ಕೇಂದ್ರ ಜಲ ಆಯೋಗದ ಲೆಕ್ಕದಂತೆ ಆಗಸ್ಟ್ 15ರಿಂದ 17ರವರೆಗೆ ಈ ನಾಲ್ಕು ಕಣಿವೆಗಳಿಂದ ಹರಿದ ನೀರು ಸುಮಾರು 163 ಕೋಟಿ ಘನ ಮೀಟರ್. ವೇಂಬನಾಡ್ ಹಿಡಿಯಬಲ್ಲದ್ದು 60 ಕೋಟಿ.

ಮಿಕ್ಕ ನೀರು ಕಡಲಿಗೆ ಹೋಗಬೇಕಿತ್ತು. ಅದಕ್ಕೆಂದೇ 1955ರಲ್ಲಿ ತೋಟ್ಟಪ್ಪಳ್ಳಿಯಲ್ಲಿ ಹೊರಹರಿವಿನ ಬಾಗಿಲುಗಳನ್ನು ಕಟ್ಟಿದ್ದರು. ಸೆಕೆಂಡಿಗೆ ಸುಮಾರು 1,800 ಘನ ಮೀಟರ್ ನೀರು ಬಿಡಬೇಕಾದ ಕಟ್ಟಡ. ಬಿಡಲಾದದ್ದು ಅದರ ಮೂರನೇ ಒಂದು ಭಾಗದಷ್ಟು. ಬಾಗಿಲಿಗೆ ನೀರು ತರುವ ಕಾಲುವೆ ಕಿರಿದು, ಅಳಿವೆಯಲ್ಲಿ ಮರಳದಿಬ್ಬ. ಕಾಲುವೆಯನ್ನು ಅಗಲ ಮಾಡಬೇಕೆಂದು ಎಂ. ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನ 2007ರಲ್ಲೇ ಶಿಫಾರಸು ಮಾಡಿತ್ತು. ಹನ್ನೊಂದು ವರ್ಷ ಕಳೆದರೂ ಆ ಕೆಲಸ ಮುಗಿದಿರಲಿಲ್ಲ ಎಂಬುದು ನನಗೆ ಮಳೆಗಿಂತ ದೊಡ್ಡ ಸಂಕಟವಾಗಿ ಕಾಣುತ್ತದೆ.

ಮಳೆ ನಿಂತ ಕೆಲವು ದಿನಗಳಲ್ಲಿ ನದಿ ಇಳಿಯುತ್ತದೆ. ಸುದ್ದಿಯೂ ಅಲ್ಲಿಗೆ ಮುಗಿಯುತ್ತದೆ. ಕುಟ್ಟನಾಡಿನಲ್ಲಿ ಕಷ್ಟದ ಎರಡನೆಯ ಭಾಗ ಶುರುವಾಗುವುದೇ ಆಗ. ಒಡ್ಡು ಒಡೆದು ಒಳನುಗ್ಗಿದ ನೀರು, ಬೋಗುಣಿಯಲ್ಲಿ ನಿಂತಂತೆ, ತಾನಾಗಿ ಹೊರಗೆ ಹರಿಯಲಾರದು. ಮೊದಲು ಒಡಕನ್ನು ಮುಚ್ಚಬೇಕು: ಗೂಟ ನೆಟ್ಟು, ಕಾಯಲಿನ ತಳದಿಂದ ಎತ್ತಿದ ಕೆಸರು ತುಂಬಬೇಕು. ಆಮೇಲೆ ಪಂಪು. ‘ಪೆಟ್ಟಿಯುಂ ಪರಯುಂ’ ಎಂಬ ಮರದ ಪೆಟ್ಟಿಗೆಯ ಪಂಪು ಇಲ್ಲಿನ ಬೇಸಾಯದ ಜೀವನಾಡಿ. ಅದರ ಮೋಟಾರೇ ಮುಳುಗಿದ್ದರೆ? ಅದನ್ನು ಬಿಚ್ಚಿ, ಒಣಗಿಸಿ, ದುರಸ್ತಿ ಮಾಡಿಸಿ, ವಿದ್ಯುತ್ ಬರುವವರೆಗೆ ಕಾಯಬೇಕು. ಬಹಳಷ್ಟು ಮನೆಗಳು ಒಡ್ಡಿನ ಮೇಲೆ, ಅದರ ಮಗ್ಗುಲಲ್ಲಿ ಇರುವುದರಿಂದ ಗದ್ದೆ ಬರಿದಾಗದೆ ಅಂಗಳವೂ ಒಣಗುವುದಿಲ್ಲ. ಆಲಪ್ಪುಳ–ಚಂಗನಾಶ್ಶೇರಿ ರಸ್ತೆಯ ಮೇಲಿನ ನೀರನ್ನೂ ಪಂಪು ಇಟ್ಟೇ ತೆಗೆಯಬೇಕಾಯಿತು.

ಪರಿಹಾರ ಶಿಬಿರದಿಂದ ಮರಳಿದವರಿಗೆ ಮನೆತುಂಬ ಕೆಸರು, ಬಾವಿಯಲ್ಲಿ ಕೊಳಕು ನೀರು. ರಾಜ್ಯದಲ್ಲಿ ಇಲಿಜ್ವರ ಹಬ್ಬಿ ಸಾವುಗಳೂ ಆದವು. ಕೆಸರಿಗಿಳಿಯುವವರಿಗೆ ಆರೋಗ್ಯ ಇಲಾಖೆ ಡಾಕ್ಸಿಸೈಕ್ಲಿನ್ ಮಾತ್ರೆ ಹಂಚಿತು. ನಾನಾ ಊರುಗಳ ಸ್ವಯಂಸೇವಕರು ಬಂದು ಮನೆಗಳನ್ನು ತೊಳೆದುಕೊಟ್ಟರು.

ಆ ಚಳಿಗಾಲದ ‘ಪುಂಜ’ ಬೆಳೆಗೆ ಬಿತ್ತನೆ ನಡೆಯಿತು, 2019ರಲ್ಲಿ ಫಸಲು ಸೊಗಸಾಗಿ ಬಂತು. ನೆರೆ ಬಿಟ್ಟುಹೋದ ಹೂಳು ಹುಳಿಮಣ್ಣಿನ ಗದ್ದೆಗೆ ಒಳ್ಳೆಯದೇ ಮಾಡಿತ್ತು. ಆದರೆ ಒಂದು ಒಳ್ಳೆಯ ಸುಗ್ಗಿಯಿಂದ ಬಿರುಕುಬಿಟ್ಟ ಗೋಡೆ, ಸತ್ತ ದನ, ಕೊಚ್ಚಿಹೋದ ಬಾತುಗಳ ನಷ್ಟ ತುಂಬುವುದಿಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ ನೀರು ಮತ್ತೆ ಒಳನುಗ್ಗಿತು.

ಯಾವ ಊರೇ ಆಗಲಿ, ನೀರು ಹೊರಹೋಗುವ ದಾರಿಯನ್ನು ಬೇಸಿಗೆಯಲ್ಲೇ ನೋಡಿಕೊಳ್ಳಬೇಕು. ನಿಮ್ಮೂರಿನ ಕೆರೆಯ ಕೋಡಿ ಈಗ ಹೇಗಿದೆ, ಅದರ ಮುಂದಿನ ಹಳ್ಳವನ್ನು ಯಾರಾದರೂ ಮುಚ್ಚಿದ್ದಾರೆಯೇ, ಮುಂಗಾರಿಗೆ ಮೊದಲು ಒಮ್ಮೆ ನಡೆದು ನೋಡಿ. ಮುಚ್ಚಿದ್ದರೆ ಗ್ರಾಮಸಭೆಯಲ್ಲಿ ಎದ್ದು ಕೇಳಿ.