ನಡುಗಡ್ಡೆಯ ಗೃಹಸ್ಥರ ಮನೆಯಲ್ಲಿ

ಹಣ ತೆತ್ತು ಪರಸ್ಥಳದಲ್ಲಿ ತಂಗುವುದರಲ್ಲಿ ಎರಡು ಬಗೆಯುಂಟು. ಒಂದರಲ್ಲಿ ಯಜಮಾನನು ಯಾರೆಂಬುದೇ ತಿಳಿಯದು. ಆಳುಗಳು ಬರುತ್ತಾರೆ, ಹೋಗುತ್ತಾರೆ. ಕಡೆಗೆ ಲೆಕ್ಕದ ಚೀಟಿ ಬರುತ್ತದೆ. ಅದನ್ನು ಸಲ್ಲಿಸಿದೊಡನೆ ಸಂಬಂಧವೂ ತೀರುತ್ತದೆ. ಇನ್ನೊಂದರಲ್ಲಿ ಯಜಮಾನನು ಪಕ್ಕದ ಕೋಣೆಯಲ್ಲಿಯೇ ಸಂಸಾರ ಹೂಡಿಕೊಂಡಿರುತ್ತಾನೆ. ಅಡಿಗೆ ಅವನ ಮಡದಿಯದು, ಅಂಗಳದಲ್ಲಿ ಆಡುವ ಮಕ್ಕಳು ಅವನವು, ಬಾಗಿಲಲ್ಲಿ ಕುಳಿತು ಬಂದವರನ್ನು ಅಳೆದು ನೋಡುವ ಮುದುಕಿ ಅವನ ತಾಯಿ. ಅಲ್ಲಿ ಇಳಿದುಕೊಂಡವನು ಗಿರಾಕಿಯೂ ಹೌದು, ಅತಿಥಿಯೂ ಹೌದು. ಈ ಎರಡನ್ನೂ ಒಟ್ಟಿಗೆ ನಿರ್ವಹಿಸುವುದು ಹೇಗೆಂಬುದನ್ನು, ಮಾಲದೀವದ ಒಂದು ಪುಟ್ಟ ದ್ವೀಪದಲ್ಲಿ ಆರು ದಿನ ಇದ್ದು ನಾವು ಕಂಡಷ್ಟರ ಮಟ್ಟಿಗೆ ವಾಚಕರ ಮುಂದಿಡುತ್ತೇವೆ.

ಮಾಲದೀವವು ನಮ್ಮ ದೇಶದ ನೈರುತ್ಯಕ್ಕೆ, ಲಕ್ಷದ್ವೀಪದ ದಕ್ಷಿಣಕ್ಕೆ, ಹಿಂದೂ ಮಹಾಸಾಗರದಲ್ಲಿ ಉದ್ದಕ್ಕೆ ಹರಡಿರುವ ಸುಮಾರು ೧೨೦೦ ಹವಳದ ದ್ವೀಪಗಳ ಸಮೂಹ. ದ್ವೀಪಗಳ ಮಾಲೆಯಾದುದರಿಂದಲೇ ಈ ಹೆಸರು ಬಂದಿತೆಂದು ಹಲವರ ಅಭಿಪ್ರಾಯ. ಇವುಗಳಲ್ಲಿ ಜನವಸತಿಯುಳ್ಳವು ಸುಮಾರು ೨೦೦ ಮಾತ್ರ. ಅಲ್ಲಿ ಗುಡ್ಡವಿಲ್ಲ, ನದಿಯಿಲ್ಲ. ನೆಲದ ಬಹುಭಾಗವು ಕಡಲಿನ ಮಟ್ಟಕ್ಕಿಂತ ಒಂದು ಮೀಟರಿನಷ್ಟೂ ಎತ್ತರವಿಲ್ಲ. ದೂರದಿಂದ ಬರುವವನಿಗೆ ಮೊದಲು ಕಾಣುವುದು ನೆಲವಲ್ಲ, ತೆಂಗಿನ ಮರಗಳ ತಲೆ.

೧೯೭೨ನೆಯ ಇಸವಿಯಲ್ಲಿ ಅಲ್ಲಿ ಪರದೇಶದ ಪ್ರವಾಸಿಗಳಿಗಾಗಿ ಕುರುಂಬಾ ಎಂಬ ಮೊದಲನೆಯ ರಿಸಾರ್ಟು ತೆರೆಯಿತು. ಮುಂದೆ ನೆಲೆನಿಂತ ಕ್ರಮವೇನೆಂದರೆ, ಜನರಿಲ್ಲದ ಒಂದು ದ್ವೀಪವನ್ನು ಗುತ್ತಿಗೆಗೆ ಪಡೆದು ಇಡೀ ದ್ವೀಪವನ್ನೇ ಒಂದು ಹೋಟೆಲನ್ನಾಗಿ ಮಾಡುವುದು. ಪ್ರವಾಸಿಯು ವಿಮಾನದಿಂದ ಇಳಿದು ನೇರವಾಗಿ ಅಲ್ಲಿಗೆ ಹೋಗುವನು. ಆ ದೇಶದ ಜನ ಬಾಳುವ ಊರೊಂದನ್ನೂ ಕಾಣದೆಯೇ ಹಿಂದಿರುಗುವನು. ಊರಿನ ಗಂಡಸರು ಕೆಲಸಕ್ಕಾಗಿ ಆ ದ್ವೀಪಗಳಿಗೆ ಹೋಗಿ ತಿಂಗಳುಗಟ್ಟಲೆ ಹೆಂಡಿರು ಮಕ್ಕಳನ್ನು ಬಿಟ್ಟಿರುವರು. ದೇಶಕ್ಕೆ ಆದಾಯ ಬಂದಿತು, ನಿಜ. ಆದರೆ ಸಾಮಾನ್ಯ ಗೃಹಸ್ಥನ ಪಾಲಿಗೆ ಬಂದುದು ಕೂಲಿ ಮಾತ್ರ. ಜನವಸತಿಯ ದ್ವೀಪಗಳಲ್ಲಿ ಮನೆಯವರೇ ಪ್ರವಾಸಿಗಳನ್ನು ಇಳಿಸಿಕೊಳ್ಳಲು ಸರಕಾರವು ಅವಕಾಶ ಕೊಟ್ಟ ಮೇಲೆ, ೨೦೧೦ರ ಸುಮಾರಿಗೆ ಮಾಫುಶಿ ಎಂಬ ದ್ವೀಪದಲ್ಲಿ ಇಂಥ ಮನೆಗಳು ತಲೆಯೆತ್ತಿದವು. ಈಗ ದೇಶದಲ್ಲೆಲ್ಲ ಅವು ನೂರಾರು ಇವೆ.

ಬೆಂಗಳೂರಿನಿಂದ ವಿಮಾನದಲ್ಲಿ ಇದು ಸುಮಾರು ಎರಡು ಗಂಟೆಯ ದಾರಿ. ರಾಜಧಾನಿಯಾದ ಮಾಲೆಯಿಂದ ದಕ್ಷಿಣಕ್ಕೆ, ಊರಿನವರು ಓಡಾಡುವ ದೋಣಿಯಲ್ಲಿ, ಒಂದು ಗಂಟೆಗೂ ಸ್ವಲ್ಪ ಹೆಚ್ಚು ಕಾಲ ಹೋದರೆ ನಾವು ತಂಗಿದ ದ್ವೀಪ ಸಿಕ್ಕುವುದು. ಅದರ ಹೆಸರು ಗುಳಿ. ನಮ್ಮ ಮಾತಿನಲ್ಲಿ ಗುಳಿಯೆಂದರೆ ಹಳ್ಳ. ಅಲ್ಲಿ ಅದು ದೋಣಿ ಕಟ್ಟುವುದಕ್ಕೆ ಹೆಸರಾದ ಒಂದು ಊರು. ದೋಣಿಗೆ ಆ ಜನರೂ ದೋಣಿಯೆಂದೇ ಹೇಳುತ್ತಾರೆಂಬುದನ್ನು ಕೇಳಿ ನಮಗೆ ಸಂತೋಷವಾಯಿತು. ಈರುಳ್ಳಿಯ ಚೀಲ, ಮೊಟ್ಟೆಯ ಪೆಟ್ಟಿಗೆ, ಆಸ್ಪತ್ರೆಯಿಂದ ಹಿಂದಿರುಗುವ ಮುದುಕರು, ಇವರ ನಡುವೆ ಕುಳಿತು ಹೋಗುವಾಗಲೇ ನಾವು ವಿಹಾರಸ್ಥಾನಕ್ಕಲ್ಲ, ಒಂದು ಊರಿಗೆ ಹೊರಟಿದ್ದೇವೆಂಬುದು ಮನಸ್ಸಿಗೆ ಬಂದಿತು.

ಮನೆಯಲ್ಲಿ ಬಾಡಿಗೆಯ ಕೋಣೆಗಳು ಐದು. ಹಿಂದಿನ ಎರಡು ಕೋಣೆಗಳಲ್ಲಿ ಮನೆಯವರ ವಾಸ. ಮುಂದೆ ಬಿಳಿಯ ಮರಳಿನ ಅಂಗಳ. ನಮ್ಮ ಹಳ್ಳಿಗಳಲ್ಲಿ ಬೆಳಗಾಗುತ್ತಲೇ ಸಾರಿಸಿ ರಂಗವಲ್ಲಿ ಇಡುವಂತೆ, ಅಲ್ಲಿಯ ಗೃಹಿಣಿಯು ತೆಂಗಿನ ಕಡ್ಡಿಯ ಪೊರಕೆಯಿಂದ ಆ ಮರಳನ್ನು ಗುಡಿಸುತ್ತಾಳೆ. ಪೊರಕೆಯ ಗೆರೆಗಳೇ ಅಂಗಳಕ್ಕೆ ಅಲಂಕಾರ. ಕೂರುವುದಕ್ಕೆ ಹಗ್ಗದ ಬಲೆ ಹೆಣೆದ ಆಸನ. ಅದಕ್ಕೆ ಅವರು ಜೋಲಿ ಎನ್ನುತ್ತಾರೆ. ಮರದ ನೆರಳಿನಲ್ಲಿ ತೂಗುವ ಹಲಗೆ; ಅದು ಉಂದೋಲಿ. ಕೇಳಿದೊಡನೆ ಆಂದೋಲವೆಂಬ ಪದ ನೆನಪಾಗದೆ ಇರದು. ಅವರ ದಿವೇಹಿ ಭಾಷೆಯು ಸಿಂಹಳಕ್ಕೆ ಹತ್ತಿರದ ನಂಟು. ಬರೆಯುವುದು ಮಾತ್ರ ಬಲದಿಂದ ಎಡಕ್ಕೆ.

ಬೆಳಗಿನ ಉಪಾಹಾರಕ್ಕೆ ರೋಶಿಯೆಂಬ ತೆಳು ರೊಟ್ಟಿ, ಜೊತೆಗೆ ಮಸ್ ಹುನಿ. ಎಂದರೆ ತೆಂಗಿನತುರಿ, ಮೀನು, ಈರುಳ್ಳಿ, ಹಸಿ ಮೆಣಸಿನಕಾಯಿ, ನಿಂಬೆಯ ರಸ ಇವುಗಳ ಕಲಸು. ಮಧ್ಯಾಹ್ನ ಅನ್ನಕ್ಕೆ ಗರುಧಿಯ ಎಂಬ ಮೀನಿನ ತಿಳಿಸಾರು. ಮೀನಿಲ್ಲದ ಊಟವನ್ನು ಆ ಊರು ಊಟವೆಂದು ಎಣಿಸುವುದಿಲ್ಲ. ನಮ್ಮೊಡನಿದ್ದ ಹಿರಿಯರಾದರೋ ಸಸ್ಯಾಹಾರಿಗಳು. ಈ ಸಂಗತಿಯನ್ನು ಮುಂಚೆಯೇ ಬರೆದು ತಿಳಿಸಿದ್ದೆವು. ಗೃಹಿಣಿಯು ತನ್ನ ತಂಗಿಯ ಮನೆಯಿಂದ ಒಂದು ಹೊಸ ಬಾಣಲೆಯನ್ನು ತರಿಸಿ, ಅದಕ್ಕೆ ಮೀನು ಸೋಕಿಲ್ಲವೆಂದು ಎತ್ತಿ ತೋರಿಸಿದಳು. ಕುಂಬಳಕಾಯಿಯ ಪಲ್ಯ, ನುಗ್ಗೆಸೊಪ್ಪು, ದೀವಿಹಲಸಿನ ಹುರಿದ ಹೋಳು, ತೊವ್ವೆ, ಇವುಗಳಿಂದ ಆರು ದಿನವೂ ಹಿರಿಯರ ಊಟ ಸುಖವಾಗಿ ನಡೆಯಿತು. ಲೆಕ್ಕದ ಚೀಟಿಯಲ್ಲಿ ಆ ಬಾಣಲೆಗೆ ಬೆಲೆ ಬರೆದಿರಲಿಲ್ಲ.

ಅಲ್ಲಿಯ ಮರಳುನೆಲದಲ್ಲಿ ಅಕ್ಕಿ ಬೆಳೆಯದು, ಗೋಧಿ ಬೆಳೆಯದು. ಅಕ್ಕಿ, ಹಿಟ್ಟು, ಸಕ್ಕರೆ, ಈರುಳ್ಳಿ ಎಲ್ಲವೂ ಹಡಗಿನಲ್ಲಿ ಬರಬೇಕು. ೧೯೮೧ರ ವ್ಯಾಪಾರದ ಒಪ್ಪಂದದಂತೆ ಭಾರತವು ಇಂಥ ಅವಶ್ಯಕ ಪದಾರ್ಥಗಳನ್ನು ಆ ದೇಶಕ್ಕೆ ಒದಗಿಸುತ್ತಿದೆ. ಈ ಕೊಳುಕೊಡೆ ಹೊಸತಲ್ಲ. ೧೪ನೆಯ ಶತಮಾನದಲ್ಲಿ ಅಲ್ಲಿ ಕೆಲಕಾಲ ನ್ಯಾಯಾಧಿಪತಿಯಾಗಿದ್ದ ಇಬನ್ ಬತೂತನು, ದ್ವೀಪದ ಜನ ಕಡಲಿನಿಂದ ಕವಡೆಗಳನ್ನು ಆಯ್ದು ಬಂಗಾಳದವರಿಗೆ ಕೊಟ್ಟು ಬದಲಿಗೆ ಅಕ್ಕಿಯನ್ನು ಪಡೆಯುತ್ತಿದ್ದರೆಂದು ಬರೆದಿದ್ದಾನೆ. ನಮ್ಮಲ್ಲಿ ಒಂದು ವಸ್ತುವನ್ನು ಹಳಿಯಬೇಕಾದರೆ ಕವಡೆಯ ಬೆಲೆಯೂ ಇಲ್ಲವೆನ್ನುತ್ತೇವೆ. ಆ ದ್ವೀಪಗಳಲ್ಲಿ ಕವಡೆಯೇ ಅನ್ನವಾಗಿದ್ದಿತು. ಅಂದು ಕವಡೆ ತಂದ ಅಕ್ಕಿಯನ್ನು ಇಂದು ಅತಿಥಿಯ ಹಣ ತರುತ್ತಿದೆ ಎಂದರೆ ಆ ಮನೆಯ ಮಟ್ಟಿಗೆ ಸುಳ್ಳಲ್ಲ.

ನೀರಿನ ವಿಷಯವನ್ನು ಅರಿಯದವನು ದ್ವೀಪದ ಮನೆಯನ್ನು ಅರಿತಂತಾಗುವುದಿಲ್ಲ. ಮರಳಿನ ಕೆಳಗೆ, ಉಪ್ಪುನೀರಿನ ಮೇಲೆ, ಮಳೆಯ ಸಿಹಿನೀರು ತೆಳುವಾದ ಪದರವಾಗಿ ನಿಂತಿರುತ್ತದೆ. ಅದು ಉಪ್ಪುನೀರಿಗಿಂತ ಹಗುರವಾದುದೇ ಇದಕ್ಕೆ ಕಾರಣ. ಹಿಂದಿನವರು ಆಳವಿಲ್ಲದ ಬಾವಿ ತೋಡಿ ಇದನ್ನು ಸೇದುತ್ತಿದ್ದರು. ಅತಿಯಾಗಿ ಸೇದಿದರೆ ಕೆಳಗಿನ ಉಪ್ಪು ಮೇಲೇರುವುದು. ೨೦೦೪ನೆಯ ಡಿಸೆಂಬರ್ ೨೬ರಂದು ಸುನಾಮಿಯ ಅಲೆಗಳು ದ್ವೀಪಗಳ ಮೇಲೆ ಹಾಯ್ದಾಗ, ಸತ್ತವರೂ ಕಾಣೆಯಾದವರೂ ಸೇರಿ ನೂರಕ್ಕಿಂತ ಹೆಚ್ಚು ಮಂದಿ ಹೋದರು. ಅನೇಕ ಊರುಗಳ ಬಾವಿಗಳೂ ಉಪ್ಪಾದವು. ಈಗ ಹೆಚ್ಚಿನ ಆಧಾರವೆಂದರೆ ತೊಟ್ಟಿಯಲ್ಲಿ ಹಿಡಿದಿಟ್ಟ ಮಳೆಯ ನೀರು ಮತ್ತು ಯಂತ್ರದಿಂದ ಉಪ್ಪನ್ನು ತೆಗೆದ ಕಡಲಿನ ನೀರು. ೨೦೧೪ನೆಯ ಡಿಸೆಂಬರಿನಲ್ಲಿ ಮಾಲೆಯ ಇಂಥ ಯಂತ್ರಾಗಾರಕ್ಕೆ ಬೆಂಕಿ ಬಿದ್ದಾಗ, ಸುತ್ತಲೂ ನೀರೇ ಇದ್ದ ರಾಜಧಾನಿಯ ಜನ ಕುಡಿಯಲು ನೀರಿಲ್ಲದೆ ನಿಂತರು. ಭಾರತವು ವಿಮಾನಗಳಲ್ಲಿಯೂ ನೌಕೆಗಳಲ್ಲಿಯೂ ನೀರನ್ನು ಕಳುಹಿಸಿಕೊಟ್ಟಿತು. ಕಡಲಿನಲ್ಲಿ ಮಿಂದು ಬಂದವನು ಮೈಯ ಉಪ್ಪನ್ನು ಕಳೆಯಲು ಅರ್ಧ ಗಂಟೆ ನಲ್ಲಿಯನ್ನು ತಿರುಗಿಸಿ ನಿಲ್ಲುವುದು ಅಲ್ಲಿ ಬರಿಯ ದುಂದಲ್ಲ. ಮನೆಯವರ ಕೊಡಕ್ಕೇ ಕೈಯಿಕ್ಕಿದಂತೆ.

ಆಚಾರದ ವಿಷಯವೂ ಹೀಗೆಯೇ. ಮಾಲದೀವದ ಪ್ರಜೆಗಳೆಲ್ಲರೂ ಇಸ್ಲಾಂ ಧರ್ಮದವರು. ಊರುಗಳಲ್ಲಿ ಮದ್ಯವಿಲ್ಲ. ಶುಕ್ರವಾರ ಮಧ್ಯಾಹ್ನದ ಪ್ರಾರ್ಥನೆಯ ವೇಳೆಗೆ ಅಂಗಡಿ ಮುಚ್ಚುತ್ತವೆ, ಬೀದಿ ಬರಿದಾಗುತ್ತದೆ. ಪರದೇಶದವರು ತಮ್ಮ ಉಡುಪಿನಲ್ಲಿ ಮೀಯುವುದಕ್ಕೆಂದು ದಂಡೆಯ ಒಂದು ಭಾಗವನ್ನು ಮರೆಮಾಡಿ ಬಿಟ್ಟಿದ್ದಾರೆ; ಉಳಿದೆಡೆಗಳಲ್ಲಿ ಭುಜವೂ ಮೊಣಕಾಲೂ ಮುಚ್ಚುವ ಉಡುಪು ಇರಬೇಕು. ನಮ್ಮ ಮನೆಯ ಹೆಂಗಸರಿಗೆ ಇದು ತೊಡಕೆನಿಸಲಿಲ್ಲ. ಪೂಜೆಯ ವಿಗ್ರಹಗಳನ್ನು ಆ ದೇಶದೊಳಗೆ ತರಗೊಡುವುದಿಲ್ಲವೆಂಬುದನ್ನು ಮಾತ್ರ, ದೇವರ ಪೆಟ್ಟಿಗೆಯನ್ನು ಜೊತೆಯಲ್ಲಿ ಒಯ್ಯುವ ವಾಡಿಕೆಯುಳ್ಳವರು ಮೊದಲೇ ತಿಳಿದಿರುವುದು ಲೇಸು. ಮಾನಸಪೂಜೆಗೆ ಎಲ್ಲಿಯೂ ಸುಂಕದ ಕಟ್ಟೆಯಿಲ್ಲ.

ಒಂದು ಸಂಜೆ ಅಜ್ಜಿಯು ಮಳೆಯ ಮಾತೆತ್ತಿದಳು. ಮೊಮ್ಮಗನು ಇಂಗ್ಲಿಷಿನಲ್ಲಿ ತಿಳಿಸಿದನು. ಅವರ ವರ್ಷವು ೨೭ ನಕೈಗಳಾಗಿ ಭಾಗವಾಗಿದೆ. ಒಂದೊಂದಕ್ಕೂ ೧೩ ಅಥವಾ ೧೪ ದಿನ. ಅಸ್ಸಿದ, ಬುರುನು, ಕೆತಿ, ರೋನು, ಮಿಯಹೆಲಿ, ಅದ ಎಂದು ಆಕೆ ಬೆರಳು ಮಡಿಸುತ್ತ ಎಣಿಸಿದಾಗ ನಾವು ಬೆರಗಾದೆವು. ಇವು ನಮ್ಮ ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರಾ, ಆರಿದ್ರೆಗಳಲ್ಲದೆ ಬೇರೆಯಲ್ಲ. ನಮ್ಮ ರೈತನು ಯಾವ ಲೆಕ್ಕದಿಂದ ಬಿತ್ತುವನೋ ಅದೇ ಲೆಕ್ಕದಿಂದ ಅವರ ಬೆಸ್ತನು ದೋಣಿಯನ್ನು ಇಳಿಸುವನು. ನಮ್ಮ ನಾಡಿಗೆ ಮಳೆ ತರುವ ನೈರುತ್ಯದ ಮಾರುತವೇ ಅಲ್ಲಿಯೂ ಮೇ ತಿಂಗಳ ಸುಮಾರಿಗೆ ಹಿಡಿದು ಕಡಲನ್ನು ಕೆರಳಿಸುತ್ತದೆ. ಡಿಸೆಂಬರಿನಿಂದ ಏಪ್ರಿಲಿನವರೆಗೆ ಕಡಲು ಶಾಂತ. ಮಕ್ಕಳೊಡನೆ ಹೋಗುವವರಿಗೆ ಅದೇ ತಕ್ಕ ಕಾಲ.

ಈ ಬಾಳಿನ ಆಧಾರ ಎಷ್ಟು ತೆಳುವೆಂಬುದನ್ನು ಯಜಮಾನನ ಮಾತಿನಿಂದ ಅರಿತೆವು. ಅವನು ಮೊದಲು ಮೀನುಗಾರ. ಬಲೆ ಬೀಸದೆ ಗಾಳದ ಕೋಲಿನಿಂದ ಒಂದೊಂದೇ ಮೀನನ್ನು ಎತ್ತುವುದು ಆ ದೇಶದ ಹಳೆಯ ಪದ್ಧತಿ. ಸಾಲ ಮಾಡಿ ಕೋಣೆಗಳನ್ನು ಕಟ್ಟಿಸಿದ ಮರುವರ್ಷವೇ ಸಾಂಕ್ರಾಮಿಕ ರೋಗ ಬಂದಿತು. ೨೦೨೦ರ ಮಾರ್ಚ್ ಕೊನೆಯಲ್ಲಿ ದೇಶದ ಬಾಗಿಲು ಮುಚ್ಚಿತು. ಜುಲೈಯಲ್ಲಿ ರಿಸಾರ್ಟುಗಳಿಗೆ ಅನುಮತಿ ದೊರೆಯಿತು. ಊರುಗಳ ಮನೆಗಳಿಗೆ ದೊರೆತುದು ಅಕ್ಟೋಬರಿನಲ್ಲಿ. ಆ ತಿಂಗಳುಗಳಲ್ಲಿ ಅವನು ಅಣ್ಣನ ದೋಣಿಯಲ್ಲಿ ಮತ್ತೆ ಗಾಳ ಹಿಡಿದನು. ಮಡದಿಯು ಖಾಲಿ ಕೋಣೆಗಳ ಹಾಸಿಗೆಯನ್ನು ವಾರಕ್ಕೊಮ್ಮೆ ಬಿಸಿಲಿಗೆ ಹಾಕುತ್ತಿದ್ದಳು. “ಕೋಣೆಗಳನ್ನು ಮಾರಿಬಿಡಲಿಲ್ಲವೇಕೆ?” ಎಂದು ಕೇಳಿದೆವು. “ಕೊಳ್ಳುವವರು ಬಂದಿದ್ದರು. ಮಾರಿದ್ದರೆ ನನ್ನ ಅಂಗಳದಲ್ಲಿಯೇ ನಾನು ಆಳಾಗುತ್ತಿದ್ದೆ” ಎಂದನು.

ಈ ಒಂದು ಮಾತಿನಲ್ಲಿ ವಿಷಯವೆಲ್ಲ ಅಡಗಿದೆ. ಇಂಥ ಮನೆಗೆ ನಾವು ಕೊಟ್ಟ ಹಣದ ಬಹುಪಾಲು ಆ ಊರಿನಲ್ಲಿಯೇ ಉಳಿಯುವುದು. ಆದರೆ ನಾವು ಬಿಟ್ಟುಬಂದ ಹೊರೆಯೂ ಅಲ್ಲಿಯೇ ಉಳಿಯುವುದು. ಮಾಲೆ ಮತ್ತು ಸುತ್ತಲಿನ ದ್ವೀಪಗಳ ಕಸವನ್ನು ತುಂಬಲು ೧೯೯೨ರಿಂದ ತಿಲಫುಶಿ ಎಂಬ ಒಂದು ದ್ವೀಪವೇ ಬೇಕಾಯಿತೆಂದರೆ, ನಾವು ಎಸೆದ ಒಂದೊಂದು ಪ್ಲಾಸ್ಟಿಕ್ ಶೀಸೆಯೂ ಎಲ್ಲಿಗೆ ಹೋಗಬೇಕೆಂಬುದನ್ನು ಯೋಚಿಸತಕ್ಕದ್ದು.

ಆದುದರಿಂದ ಹೋಗಬಯಸುವ ಗೃಹಸ್ಥರಿಗೆ ನಾವು ಹೇಳತಕ್ಕುದಿಷ್ಟು. ಊಟದ ನಿಯಮವನ್ನು ಮುಂಚೆಯೇ ತಿಳಿಸಿರಿ. ಹೇಳಿದ ಬಾಡಿಗೆಯಲ್ಲಿ ಸರಕಾರದ ತೆರಿಗೆಗಳು ಸೇರಿವೆಯೆ ಎಂಬುದನ್ನು ಕೇಳಿಕೊಳ್ಳಿರಿ. ಶುಕ್ರವಾರ ದೋಣಿಯುಂಟೆಂದು ನಂಬಿ ಹೊರಡಬೇಡಿರಿ. ಹವಳವನ್ನು ಕಾಲಿನಿಂದ ತುಳಿಯದಿರಿ. ಅದು ಕಲ್ಲಲ್ಲ, ಜೀವಿಗಳು ಕಟ್ಟಿದ ಮನೆ. ಸೆಳೆತವಿರುವ ಕಡೆಯಲ್ಲಿ ಮನೆಯವರು ಬೇಡವೆಂದರೆ ನೀರಿಗಿಳಿಯದಿರಿ. ಶೀಸೆ, ಬ್ಯಾಟರಿಗಳನ್ನು ಪೆಟ್ಟಿಗೆಯಲ್ಲಿ ಹಿಂದಕ್ಕೆ ತನ್ನಿರಿ. ಬಾಡಿಗೆಯನ್ನು ಚೌಕಾಸಿ ಮಾಡಬಹುದು; ಆದರೆ ಆ ಮನೆಯ ನೀರು, ಮಾನ, ಪ್ರಾರ್ಥನೆಯ ವೇಳೆ, ಇವುಗಳಲ್ಲಿ ಚೌಕಾಸಿ ಸಲ್ಲದು. ನೆಂಟರ ಮನೆಗೆ ಹೋದಾಗ ಹೇಗೆ ನಡೆದುಕೊಳ್ಳಬೇಕೆಂದು ನಮ್ಮ ಮಕ್ಕಳಿಗೆ ಕಲಿಸುತ್ತೇವೆಯೋ ಅಷ್ಟನ್ನು ಹಣ ಕೊಟ್ಟ ಮನೆಯಲ್ಲಿಯೂ ನಡೆಸಿದರೆ, ಕಡಲ ನಡುವಿನ ಆ ಸಂಸಾರವು ತನ್ನ ಅಂಗಳದಲ್ಲಿ ತಾನೇ ಯಜಮಾನನಾಗಿ ಬಾಳಲು ನಮ್ಮಿಂದ ಆಗತಕ್ಕ ಸಹಾಯವು ಆದಂತೆಯೇ ಸರಿ.