ಲೆಕ್ಕದ ಪುಸ್ತಕದೊಳಗಿನ ಚಿತ್ರ

ಬೆಂಗಳೂರಿನ ದಂಡು ರೈಲು ನಿಲ್ದಾಣದ ಕಡೆಯಿಂದ ಮಿಲ್ಲರ್ಸ್ ರಸ್ತೆಯ ಗುಂಟ ಉತ್ತರಾಭಿಮುಖವಾಗಿ ನಡೆದುಹೋಗುವವನಿಗೆ ಖುದ್ದೂಸ್ ಸಾಹೇಬ್ ಈದ್ಗಾದ ವಿಶಾಲವಾದ ಬಯಲು, ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನ ಮರಗಳ ಸಾಲು, ಕ್ರೈಸ್ತ ಮಹಾಧರ್ಮಾಧ್ಯಕ್ಷರ ನಿವಾಸ ಇವುಗಳ ದರ್ಶನವಾಗಿ, ಬೆನ್ಸನ್ ಟೌನ್ ಎಂಬ ಈ ಬಡಾವಣೆ ಪ್ರಾರ್ಥನೆಗೂ ಪಾಠಪ್ರವಚನಕ್ಕೂ ನಿವೃತ್ತರ ಮಧ್ಯಾಹ್ನದ ನಿದ್ರೆಗೂ ಮೀಸಲಾದದ್ದೆಂಬ ಭಾವನೆ ಹುಟ್ಟಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಸಿನಿಮಾ ಎಂದೊಡನೆ ಬೆಂಗಳೂರಿಗನ ಮನಸ್ಸು ಗಾಂಧಿನಗರದತ್ತ ಹೊರಳುವುದೇ ಹೊರತು ಇತ್ತ ತಿರುಗಿಯೂ ನೋಡದು. ಆದರೂ ಇದೇ ರಸ್ತೆಯ ವಸಂತನಗರದ ಕಡೆಯ ಭಾಗದಲ್ಲಿ, ಎಷ್ಟೋ ಕನ್ನಡ ಚಿತ್ರಗಳಿಗೆ ದನಿ ಕೂಡಿಸಿದ ಚಾಮುಂಡೇಶ್ವರಿ ಸ್ಟುಡಿಯೋದ ಹೆಸರು ಚಿತ್ರರಂಗದವರಿಗೆಲ್ಲ ಬಾಯಿಪಾಠವಾಗಿದೆ. ಬೆನ್ಸನ್ ಟೌನಿನ ಕಡೆಯ ಭಾಗದಲ್ಲಿ, ಅಡ್ಡರಸ್ತೆಯೊಂದರ ಹಳೆಯ ಬಂಗಲೆಯ ಹಿಂಬದಿಯ ಎರಡು ಕೋಣೆಗಳನ್ನು ಬಾಡಿಗೆಗೆ ಹಿಡಿದು, ನನ್ನ ಮಿತ್ರರೊಬ್ಬರು ಹಲವು ವರ್ಷಗಳಿಂದ ಒಂದು ಸಣ್ಣ ಚಿತ್ರನಿರ್ಮಾಣ ಸಂಸ್ಥೆಯನ್ನು ನಡೆಸಿಕೊಂಡು ಬಂದಿದ್ದಾರೆ. ಅವರ ಹೆಸರನ್ನೂ ಸಂಸ್ಥೆಯ ಹೆಸರನ್ನೂ ಹೇಳಬಾರದೆಂಬುದು ಅವರ ಷರತ್ತು. ಸಾಲಗಾರರ ದೃಷ್ಟಿಯಿಂದ ಅದು ವಿವೇಕವೂ ಹೌದು.

ಮರದ ಪಟ್ಟಿಗಳ ಚೂಪು ಮುಚ್ಚಿಗೆಯ ‘ಮಂಕಿ ಟಾಪ್’ ಕಿಟಕಿಗಳ ಆ ಕೋಣೆಯಲ್ಲಿ ತಾರೆಯರ ಭಾವಚಿತ್ರಗಳಾಗಲಿ, ಶತದಿನೋತ್ಸವದ ಫಲಕಗಳಾಗಲಿ ಇಲ್ಲ. ಒಂದು ಕಬ್ಬಿಣದ ಬೀರು, ಸಂಕಲನಕ್ಕೆಂದು ಎರಡು ಕಂಪ್ಯೂಟರು, ರೈಲಿನ ಸದ್ದು ಒಳಬಾರದಿರಲೆಂದು ಕಿಟಕಿಗೆ ಒತ್ತರಿಸಿ ನಿಲ್ಲಿಸಿದ ಹಳೆಯ ಹಾಸಿಗೆ, ಮೇಜಿನ ಮೇಲೆ ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಲೆಕ್ಕದ ಪುಸ್ತಕ. ಒಮ್ಮೆ ಅವರು ಫೋನಿನಲ್ಲಿ ಮಾತನಾಡುತ್ತಿದ್ದಾಗ ಆ ಪುಸ್ತಕವನ್ನು ತಿರುವಿಹಾಕುವ ಅವಿನಯಕ್ಕೆ ನಾನು ಕೈಹಾಕಿದೆ. ಬಾಳೆಎಲೆ, ಟಾರ್ಪಾಲಿನ ಬಾಡಿಗೆ, ಜನರೇಟರಿನ ಡೀಸೆಲ್, ಹಸುವಿನ ಯಜಮಾನನಿಗೆ ಕೊಟ್ಟದ್ದು ಎಂಬೀ ಬಾಬುಗಳ ನಡುವೆ ಒಂದು ದಿನದ ಪುಟದಲ್ಲಿ ಇಷ್ಟೇ ಇತ್ತು: ‘ಮಳೆ. ಚಿತ್ರೀಕರಣ ಇಲ್ಲ. ಊಟ 38.’ ಮರುದಿನದ ಪುಟದಲ್ಲಿ: ‘ಮಳೆ. ಕಥೆಯಲ್ಲಿ ಮಳೆ ಸೇರಿಸಿದೆ. ಊಟ 38.’

ಚಲನಚಿತ್ರ ಕಲೆಯನ್ನು ಕುರಿತ ಗ್ರಂಥಗಳಲ್ಲಿ ನಾನು ಓದಿದ್ದಕ್ಕಿಂತ ಹೆಚ್ಚಿನದನ್ನು ಆ ಎರಡು ಸಾಲುಗಳು ನನಗೆ ತಿಳಿಸಿದವು. ದೊಡ್ಡ ಸಂಸ್ಥೆಯಲ್ಲಿ ಲೆಕ್ಕ ಬರೆಯುವವನು ಬೇರೆ, ಕಲ್ಪನೆ ಮಾಡುವವನು ಬೇರೆ. ಇಬ್ಬರಿಗೂ ಜಗಳವಾದರೆ ಬಿಡಿಸಲು ಮೂರನೆಯವನೊಬ್ಬನಿರುತ್ತಾನೆ. ಸಣ್ಣ ಸಂಸ್ಥೆಯಲ್ಲಾದರೋ ಆ ಮೂವರೂ ಒಬ್ಬನೇ ಮನುಷ್ಯನ ತಲೆಯೊಳಗೆ ವಾಸವಾಗಿರುವುದರಿಂದ, ಮೂವತ್ತೆಂಟು ಜನರ ಊಟದ ಖರ್ಚು ಕಥೆಯೊಳಗೆ ಮಳೆಯಾಗಿ ಸುರಿಯುವುದು ಅಲ್ಲಿ ಅಸಹಜವಲ್ಲ.

ಕೆಲಸದ ಕ್ರಮವನ್ನು ತಿಳಿಯದವರಿಗಾಗಿ ಸ್ವಲ್ಪ ವಿವರಿಸಬೇಕು. ಕಥೆಯ ಹಕ್ಕನ್ನು ಲೇಖಕರಿಂದ ಬರೆಸಿಕೊಳ್ಳುವುದು, ಶೀರ್ಷಿಕೆಯನ್ನು ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ನೋಂದಾಯಿಸುವುದು, ಹಣ ಹೂಡುವವರ ಮನೆಯ ಕಾಫಿಯನ್ನು ಹತ್ತಾರು ಸಲ ಕುಡಿಯುವುದು ಇವೆಲ್ಲ ಮುಗಿದ ತರುವಾಯ, ಚಿತ್ರಕಥೆಯನ್ನು ತುಂಡುತುಂಡಾಗಿ ಬಿಡಿಸಿ, ಕಥಾನುಕ್ರಮವನ್ನು ಬದಿಗಿರಿಸಿ, ಸ್ಥಳಾನುಕ್ರಮದಲ್ಲಿ ಮತ್ತೆ ಜೋಡಿಸುವ ಕೆಲಸ ಬರುತ್ತದೆ. ಒಂದು ಮನೆಯನ್ನು ನಾಲ್ಕು ದಿನ ಬಾಡಿಗೆಗೆ ಪಡೆದಿದ್ದರೆ, ಆ ಮನೆಯಲ್ಲಿ ನಡೆಯುವ ಮದುವೆಯ ಮಾತುಕತೆಯೂ ಬಾಣಂತನವೂ ಮರಣವೂ ಆ ನಾಲ್ಕು ದಿನಗಳಲ್ಲಿಯೇ ತೀರಬೇಕು. ಬೆಳಿಗ್ಗೆ ಹೆಣದ ಮುಂದೆ ಅತ್ತ ನಟಿ ಮಧ್ಯಾಹ್ನದ ಊಟವಾದ ಮೇಲೆ ಅದೇ ಜಗಲಿಯಲ್ಲಿ ವಧುವಾಗಿ ನಾಚಬೇಕು. ಯಾರು ಎಷ್ಟು ಹೊತ್ತಿಗೆ ಎಲ್ಲಿರಬೇಕೆಂಬ ಕಾಲ್‌ಶೀಟು ಹಿಂದಿನ ರಾತ್ರಿ ಎಲ್ಲರ ಕೈಸೇರುತ್ತದೆ. ಮೊದಲ ದಿನ ಮುಹೂರ್ತ, ಕೊನೆಯ ದಿನ ಕುಂಬಳಕಾಯಿ. ಆ ಕುಂಬಳಕಾಯಿಯನ್ನು ಒಡೆದರೆ ಚಿತ್ರೀಕರಣ ಮುಗಿಯಿತೆಂದು ಅರ್ಥ. ಚಿತ್ರ ಮುಗಿಯಿತೆಂದು ಅದಕ್ಕೆ ಅರ್ಥವಿಲ್ಲ.

ಹಣದ ಕೈ ಚಿತ್ರದ ಮೇಲೆ ಎಷ್ಟು ಬಲವಾಗಿ ಊರುತ್ತಿತ್ತೆಂಬುದನ್ನು ಕಾಣಬೇಕಾದರೆ ಕಚ್ಚಾ ಫಿಲ್ಮಿನ ಕಾಲವನ್ನು ನೆನೆಯಬೇಕು. ಮೂವತ್ತೈದು ಮಿಲಿಮೀಟರಿನ ಪಟ್ಟಿಯಲ್ಲಿ ಅಡಿಗೆ 16 ಚೌಕಟ್ಟುಗಳು. ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡಿದರೆ ನಿಮಿಷಕ್ಕೆ 90 ಅಡಿ ಕರಗುತ್ತದೆ. ಸಾವಿರ ಅಡಿಯ ಸುರುಳಿಯೊಂದರ ಆಯುಷ್ಯ ಹನ್ನೊಂದು ನಿಮಿಷ. ಎರಡು ಗಂಟೆಯ ಚಿತ್ರಕ್ಕೆ ತೆರೆಯ ಮೇಲೆ ಕಾಣುವ ಭಾಗವೇ 10,800 ಅಡಿಯಾದರೆ, ಪ್ರತಿಯೊಂದು ದೃಶ್ಯವನ್ನೂ ನಾಲ್ಕು ಸಲ ತೆಗೆಯುವ ಭೋಗಿಗೆ ನಲವತ್ತಮೂರು ಸಾವಿರ ಅಡಿ ಬೇಕು. ಸಣ್ಣ ನಿರ್ಮಾಪಕನಿಗೆ ಆ ಭೋಗವೆಲ್ಲಿಯದು? ಆದ್ದರಿಂದಲೇ ಆ ಕಾಲದ ಸಣ್ಣ ಸಂಸ್ಥೆಗಳಲ್ಲಿ ಕ್ಯಾಮೆರಾ ತಿರುಗುವುದಕ್ಕೆ ಮೊದಲು ಹತ್ತು ಸಲ ಅಭ್ಯಾಸ ನಡೆಯುತ್ತಿತ್ತು. ವಿಮರ್ಶಕರು ಮುಂದೆ ‘ಸಂಯಮ’ ಎಂದು ಮೆಚ್ಚಿದ ಗುಣದಲ್ಲಿ ಒಂದು ಪಾಲಾದರೂ ಫಿಲ್ಮಿನ ಬೆಲೆಗೆ ಸಲ್ಲತಕ್ಕದ್ದು.

ಕನ್ನಡ ವಾಕ್ಚಿತ್ರದ ಹುಟ್ಟೇ ಇಂಥ ಸಂಸ್ಥೆಯೊಂದರ ಸಾಹಸ. 1934ರಲ್ಲಿ ತೆರೆಕಂಡ ‘ಸತಿ ಸುಲೋಚನ’ವನ್ನು ನಿರ್ಮಿಸಿದವರು ಬೆಂಗಳೂರಿನ ವರ್ತಕ ಚಮನ್‌ಲಾಲ್ ಡುಂಗಾಜಿ, ಇಲ್ಲಿ ತಕ್ಕ ಸ್ಟುಡಿಯೋ ಇಲ್ಲದ್ದರಿಂದ ರಾವಣ, ಇಂದ್ರಜಿತು, ಸುಲೋಚನೆಯರನ್ನೆಲ್ಲ ಕೊಲ್ಹಾಪುರಕ್ಕೆ ಕರೆದೊಯ್ಯಬೇಕಾಯಿತು. ಪೌರಾಣಿಕ ಪಾತ್ರಗಳ ರೈಲ್ವೆ ಟಿಕೆಟ್ಟಿನ ಲೆಕ್ಕವನ್ನು ಯಾರಾದರೂ ಕಾದಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು!

ಆದರೆ ಸಣ್ಣ ಸಂಸ್ಥೆಯ ಮಾತು ಬಂದಾಗಲೆಲ್ಲ ನನ್ನ ಮನಸ್ಸು ಹೋಗಿ ನಿಲ್ಲುವುದು 1970ರ ‘ಸಂಸ್ಕಾರ’ದ ಬಳಿಯಲ್ಲಿ. ತೆಲುಗಿನ ಕವಿ ಪಟ್ಟಾಭಿರಾಮ ರೆಡ್ಡಿ ಮತ್ತು ರಂಗನಟಿಯಾಗಿ ಹೆಸರಾಗಿದ್ದ ಅವರ ಪತ್ನಿ ಸ್ನೇಹಲತಾ ರೆಡ್ಡಿ ಇವರು ಕಟ್ಟಿದ ಸಂಸ್ಥೆಗೆ ‘ರಾಮಮನೋಹರ ಚಿತ್ರ’ ಎಂಬ ಹೆಸರಿತ್ತು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರ ಮೇಲಿನ ನಿಷ್ಠೆ ಆ ಹೆಸರಿನಲ್ಲಿಯೇ ವ್ಯಕ್ತವಾಗಿದೆ. ಚಿತ್ರಕ್ಕೆ ಆಧಾರವಾದ, ಯು. ಆರ್. ಅನಂತಮೂರ್ತಿಯವರ ಅದೇ ಹೆಸರಿನ ಕಾದಂಬರಿ ಪ್ರಕಟವಾಗಿ ಐದು ವರ್ಷಗಳಾಗಿದ್ದವು. ಚಿತ್ರಕ್ಕೆ ತಗುಲಿದ್ದು ಸುಮಾರು 95,000 ರೂಪಾಯಿ ಎನ್ನುತ್ತಾರೆ. ಇಷ್ಟು ಹಣಕ್ಕೆ ಯಾವ ಜನಪ್ರಿಯ ನಟನೂ ದೊರೆಯುತ್ತಿರಲಿಲ್ಲವೆಂಬುದು ಒಂದು ಅನನುಕೂಲವೆಂದು ಕಂಡೀತು. ಆದರೆ ಆ ಅನನುಕೂಲದಿಂದಾಗಿ ಯಾರು ಯಾರು ಕೂಡಿದರು ನೋಡಿ. ಮದರಾಸಿನ ಆಕ್ಸ್‌ಫರ್ಡ್ ಪ್ರಕಾಶನ ಸಂಸ್ಥೆಯಲ್ಲಿ ಉದ್ಯೋಗದಲ್ಲಿದ್ದ ಗಿರೀಶ ಕಾರ್ನಾಡರು ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯರಾದರು. ಇಂಗ್ಲಿಷ್ ಪಾಠ ಹೇಳುತ್ತಿದ್ದ ಲಂಕೇಶರು ನಾರಣಪ್ಪನಾದರು. ನಿರ್ಮಾಪಕರ ಮನೆಯೊಡತಿಯೇ ಚಂದ್ರಿಯಾದರು. ಕಲಾನಿರ್ದೇಶನ ಚಿತ್ರಕಾರ ಎಸ್. ಜಿ. ವಾಸುದೇವ್ ಅವರದು, ಸಂಗೀತ ಸರೋದ್ ವಾದಕ ರಾಜೀವ ತಾರಾನಾಥರದು, ಕ್ಯಾಮೆರಾ ಆಸ್ಟ್ರೇಲಿಯಾದಿಂದ ಬಂದಿದ್ದ ಟಾಮ್ ಕೋವನ್ನರದು. ಸೆಟ್ಟು ಕಟ್ಟಿಸುವ ಬದಲು ಶೃಂಗೇರಿಯ ಬಳಿಯ ವೈಕುಂಠಪುರಕ್ಕೇ ಹೋಗಿ ಚಿತ್ರೀಕರಿಸಿದರು. ಕೃತಕವಾಗಿ ಕಟ್ಟಿದ ಅಗ್ರಹಾರದಲ್ಲಿ ಆ ಊರಿನ ಜಗಲಿಗಳ ಮೇಲೆ ಬೀಳುವ ಮಲೆನಾಡಿನ ಮಂಕು ಬೆಳಕನ್ನು ಎಷ್ಟು ಲಕ್ಷ ಸುರಿದರೂ ತರಲಾಗುತ್ತಿರಲಿಲ್ಲ. ಮಿತವ್ಯಯವೇ ಇಲ್ಲಿ ಶೈಲಿಯಾಯಿತೆಂದು ನಾನು ನಂಬಿದ್ದೇನೆ. ಕಲೆಗಾರನ ಸಂಕಲ್ಪವೇ ಮುಖ್ಯವೆಂದು ವಾದಿಸುವವರೊಡನೆ ಕಲಹಕ್ಕೆ ನಿಲ್ಲುವುದಿಲ್ಲ.

ಕುಂಬಳಕಾಯಿ ಒಡೆದ ಮೇಲಿನ ಕಥೆ ಇನ್ನೊಂದು ಬಗೆಯದು. ಮದರಾಸಿನ ಸೆನ್ಸಾರ್ ಮಂಡಳಿ ಚಿತ್ರವನ್ನು ನಿಷೇಧಿಸಿತು. ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಅನಂತರ ಆ ನಿಷೇಧವನ್ನು ತೆರವು ಮಾಡಿತು. ಚಿತ್ರಕ್ಕೆ ರಾಷ್ಟ್ರಪತಿಗಳ ಸ್ವರ್ಣಪದಕ ಬಂತು. ಕನ್ನಡಕ್ಕೆ ಅದು ಮೊದಲನೆಯದು. ಇತಿಹಾಸದ ಪುಸ್ತಕದಲ್ಲಿ ಇದು ಒಂದೇ ಉಸಿರಿಗೆ ಓದಿ ಮುಗಿಸುವ ವಾಕ್ಯ. ಆದರೆ ನಿಷೇಧಕ್ಕೂ ತೆರವಿಗೂ ನಡುವಿನ ಅವಧಿಯನ್ನು ಸಣ್ಣ ಸಂಸ್ಥೆಯೊಂದು ಹೇಗೆ ಕಳೆಯುತ್ತದೆಂಬುದನ್ನು ಬಲ್ಲವನೇ ಬಲ್ಲ: ಹಾಕಿದ ಹಣವೆಲ್ಲ ಡಬ್ಬಿಗಳಲ್ಲಿ ಸುರುಳಿ ಸುತ್ತಿಕೊಂಡು ಕುಳಿತಿರುತ್ತದೆ, ಬಡ್ಡಿಗೆ ಮಾತ್ರ ಯಾವ ನಿಷೇಧವೂ ಇರುವುದಿಲ್ಲ. ದೊಡ್ಡ ಸಂಸ್ಥೆಗಾದರೆ ಒಂದು ಚಿತ್ರ ತಡೆದರೂ ಇನ್ನೊಂದು ಓಡುತ್ತಿರುತ್ತದೆ. ಸ್ನೇಹಲತಾ ಅವರ ಬದುಕು ಅಂತೂ ಚಿತ್ರರಂಗದಾಚೆಯ ಕ್ರೌರ್ಯಕ್ಕೆ ಸಿಕ್ಕಿತು. ತುರ್ತು ಪರಿಸ್ಥಿತಿಯಲ್ಲಿ, 1976ರ ಮೇ ತಿಂಗಳಲ್ಲಿ ಬಂಧಿತರಾಗಿ, ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿ ಆಸ್ತಮಾದಿಂದ ನರಳಿ, 1977ರ ಜನವರಿಯಲ್ಲಿ ಹೊರಬಂದ ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ಪಟ್ಟಾಭಿಯವರು ಆಮೇಲೆ ಮಾಡಿದ ಚಿತ್ರಗಳು ಬೆರಳೆಣಿಕೆಯವು.

ಇತ್ತೀಚಿನವರಿಗೆ ಫಿಲ್ಮಿನ ಅಡಿಲೆಕ್ಕ ತಪ್ಪಿದೆ. ಹಣ ಕೂಡಿಸುವ ದಾರಿಗಳೂ ಬದಲಾಗಿವೆ. 2013ರ ‘ಲೂಸಿಯಾ’ಕ್ಕೆ ಪವನ್ ಕುಮಾರರು ಯಾವ ಒಬ್ಬ ಸಾಹುಕಾರನ ಬಾಗಿಲಿಗೂ ಹೋಗದೆ, ಅಂತರ್ಜಾಲದ ಮೂಲಕ ಕರೆಕೊಟ್ಟು, 110 ಜನರಿಂದ ಸುಮಾರು 51 ಲಕ್ಷ ರೂಪಾಯಿಯನ್ನು 27 ದಿನಗಳಲ್ಲಿ ಒಟ್ಟುಗೂಡಿಸಿದರು. ನಮ್ಮ ಹಳ್ಳಿಗಳಲ್ಲಿ ಊರವರೆಲ್ಲ ವಂತಿಗೆ ಎತ್ತಿ ಬಯಲಾಟ ಆಡಿಸುವ ಪದ್ಧತಿಯನ್ನು ಕಂಡವರಿಗೆ ಇದು ಅಷ್ಟೇನೂ ಹೊಸತೆನಿಸದು. ವಂತಿಗೆ ಕೊಟ್ಟವರ ಹೆಸರನ್ನು ಬಯಲಾಟದಲ್ಲಿ ರಂಗದಿಂದ ಕೂಗುತ್ತಿದ್ದರು, ಇಲ್ಲಿ ಅವರೆಲ್ಲರೂ ನಿರ್ಮಾಪಕರೆನಿಸಿಕೊಂಡರು. ರಾಮ್ ರೆಡ್ಡಿಯವರ ‘ತಿಥಿ’ಯದು ಬೇರೆ ಮಾರ್ಗ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ಅದೇ ಊರಿನ ಒಡನಾಟವಿದ್ದ ಈರೇಗೌಡರೊಡನೆ ಕೂಡಿ ಕಥೆ ಬರೆದು, ಜೀವಮಾನದಲ್ಲಿ ಕ್ಯಾಮೆರಾ ಎದುರಿಸದಿದ್ದ ಗ್ರಾಮಸ್ಥರನ್ನೇ ಪಾತ್ರಧಾರಿಗಳನ್ನಾಗಿ ಮಾಡಿಕೊಂಡು ತೆಗೆದ ಆ ಚಿತ್ರ 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ಎರಡು ಪ್ರಶಸ್ತಿಗಳನ್ನು ಪಡೆದು, ಮರುವರ್ಷ ನಮ್ಮ ಚಿತ್ರಮಂದಿರಗಳಿಗೆ ಬಂತು. ಅದರಲ್ಲಿನ ಗಡ್ಡಪ್ಪನೆಂಬ ಪಾತ್ರದ ನಡಿಗೆಯನ್ನು ಯಾವ ಅಭಿನಯ ಶಾಲೆಯೂ ಕಲಿಸಲಾರದು.

ಆದರೆ ಅಡಿಲೆಕ್ಕ ಹೋದದ್ದರಿಂದ ಲೆಕ್ಕವೇ ಹೋಯಿತೆಂದು ತಿಳಿಯಬಾರದು. ಈಗ ದುಬಾರಿಯಾಗಿರುವುದು ದಿನಗಳು. ಕ್ಯಾಮೆರಾ ಎಷ್ಟು ಹೊತ್ತು ಓಡಿದರೂ ಖರ್ಚಿಲ್ಲವೆಂಬ ಭ್ರಾಂತಿಯಿಂದ ಒಂದೇ ದೃಶ್ಯವನ್ನು ಇಪ್ಪತ್ತು ಸಲ ತೆಗೆಯುವ ಎಳೆಯ ನಿರ್ದೇಶಕನಿಗೆ, ಆ ಇಪ್ಪತ್ತನ್ನೂ ನೋಡಿ ಆರಿಸಲು ಸಂಕಲನಕಾರನಿಗೆ ಬೇಕಾಗುವ ವಾರಗಳ ಬಾಡಿಗೆ ಕಾಣುವುದಿಲ್ಲ. ನನ್ನ ಮಿತ್ರರು ಇದರಲ್ಲಿ ನಿರ್ದಯರು. ಒಬ್ಬ ತರುಣ ನಿರ್ದೇಶಕ ಬಂದು, “ಸಾರ್, ಆ ಶಾಟಿಗೆ ಕ್ರೇನ್ ಇಲ್ಲದಿದ್ದರೆ ಆಗೋದೇ ಇಲ್ಲ” ಎಂದು ಅಂಗಲಾಚಿದಾಗ, ಅವರು ಇಲ್ಲವೆನ್ನಲಿಲ್ಲ. ಕೆಂಪು ಪುಸ್ತಕವನ್ನು ಅವನ ಕಡೆಗೆ ತಿರುಗಿಸಿ, “ತಗೊಳ್ಳಪ್ಪ, ಯಾವುದನ್ನ ಹೊಡೆದುಹಾಕಿ ಕ್ರೇನ್ ಬರೀಲಿ, ನೀನೇ ಹೇಳು” ಎಂದರು. ಹುಡುಗ ಬಹಳ ಹೊತ್ತು ಪುಟ ನೋಡಿದ. ಕೊನೆಗೆ ಆ ದೃಶ್ಯವನ್ನು ಎತ್ತರದಿಂದ ತೆಗೆಯದೆ, ಮುದುಕಿ ಕೂತ ಕಿಟಕಿಯ ಒಳಗಿನಿಂದ ತೆಗೆದರು. ನೋಡಿದವರು ಅದನ್ನೇ ಹೊಗಳಿದರಂತೆ. ಕ್ರೇನಿನಿಂದ ತೆಗೆದಿದ್ದರೆ ಅದನ್ನೂ ಹೊಗಳುತ್ತಿದ್ದರೋ ಏನೋ.

ಸಂಕಲನ, ಡಬ್ಬಿಂಗ್, ಹಿನ್ನೆಲೆ ಸಂಗೀತ, ಬಣ್ಣ ತಿದ್ದುವಿಕೆ ಇವು ಒಂದು ಹಂತಕ್ಕೆ ಬಂದು, ಸೆನ್ಸಾರ್ ಪ್ರಮಾಣಪತ್ರ ಕೈಸೇರಿದ ಮೇಲೆ ನಿಜವಾದ ಕಷ್ಟ ಆರಂಭವಾಗುತ್ತದೆ. ಒಂಟಿ ಪರದೆಯ ಚಿತ್ರಮಂದಿರಗಳಲ್ಲಿ ನಮ್ಮ ನಾಡಿನ ವಾಡಿಕೆ ವಾರದ ಬಾಡಿಗೆಯದು. ಜನ ಬರಲಿ ಬಿಡಲಿ, ಬಾಡಿಗೆ ನಿರ್ಮಾಪಕನದೇ. ಮಲ್ಟಿಪ್ಲೆಕ್ಸುಗಳಲ್ಲಿ ಗಳಿಕೆಯ ಪಾಲು ಹಂಚಿಕೆ. ಆದರೆ ಅಲ್ಲಿ ಸಣ್ಣ ಚಿತ್ರಕ್ಕೆ ದೊರೆಯುವ ವೇಳೆ ಎಂಥದೆಂದರೆ, ಉದ್ಯೋಗಸ್ಥನಾದವನು ರಜಾ ಹಾಕಿಯೇ ನೋಡಬೇಕು. ಮೊದಲ ಮೂರು ದಿನ ಕುರ್ಚಿ ತುಂಬದಿದ್ದರೆ ನಾಲ್ಕನೆಯ ದಿನ ಭಿತ್ತಿಪತ್ರದ ಮೇಲೆ ಇನ್ನೊಂದು ಭಿತ್ತಿಪತ್ರ. ಹಿಂದೆ ಪ್ರಶಸ್ತಿ ಪಡೆದ ಚಿತ್ರಗಳನ್ನು ದೂರದರ್ಶನ ರವಿವಾರ ಮಧ್ಯಾಹ್ನ ಪ್ರಸಾರ ಮಾಡುತ್ತಿತ್ತು. ಊಟ ಮುಗಿಸಿ ಚಾಪೆ ಹಾಸಿಕೊಂಡು ನಮ್ಮಲ್ಲಿ ಎಷ್ಟೋ ಜನ ಹೊಸ ಅಲೆಯ ಚಿತ್ರಗಳನ್ನು ನೋಡಿದ್ದೇ ಹಾಗೆ. ಸರ್ಕಾರದ ಸಹಾಯಧನ ಇದೆ, ಬರುತ್ತದೆ, ಅದರ ನಡಿಗೆ ಗಜಗಮನ.

ಇಷ್ಟಾಗಿಯೂ ಚಿತ್ರದ ಆಯುಷ್ಯವನ್ನು ಮೊದಲ ವಾರದಿಂದ ಅಳೆಯಲಾಗದು. ಸದಾನಂದ ಸುವರ್ಣರು ನಿರ್ಮಿಸಿ, ಗಿರೀಶ ಕಾಸರವಳ್ಳಿಯವರು ನಿರ್ದೇಶಿಸಿದ 1977ರ ‘ಘಟಶ್ರಾದ್ಧ’, ನಲವತ್ತೇಳು ವರ್ಷಗಳ ಮೇಲೆ, ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮೊದಲಾದವರ ಶ್ರಮದಿಂದ ಜೀರ್ಣೋದ್ಧಾರಗೊಂಡು, 2024ರಲ್ಲಿ ವೆನಿಸ್ ಉತ್ಸವದ ತೆರೆಯ ಮೇಲೆ ಮೂಡಿತು. ಮೂಲ ನೆಗೆಟಿವ್ ಉಳಿದಿತ್ತಾದ್ದರಿಂದ ಇದು ಸಾಧ್ಯವಾಯಿತು. ಬೆನ್ಸನ್ ಟೌನಿನ ಕಬ್ಬಿಣದ ಬೀರುವಿನಲ್ಲಿ ನೆಗೆಟಿವಿನ ಬದಲು ಹಾರ್ಡ್ ಡಿಸ್ಕುಗಳಿವೆ. ಪ್ರತಿಯೊಂದಕ್ಕೂ ಎರಡು ನಕಲು, ಅವುಗಳಲ್ಲಿ ಒಂದು ಯಾವಾಗಲೂ ಮಿತ್ರರ ಭಾವಮೈದುನನ ಮನೆಯಲ್ಲಿ. ತೇವ ತಾಗದಿರಲೆಂದು ಅಕ್ಕಿಯ ಡಬ್ಬಿಯಲ್ಲಿ ಇಟ್ಟಿದ್ದಾರೆಂದು ಅವರು ಹೇಳಿದಾಗ ನಾನು ನಕ್ಕೆ, ಅವರು ನಗಲಿಲ್ಲ.

ಕಳೆದ ಸಲ ನಾನು ಹೋದಾಗ ಸಂಜೆಯಾಗಿತ್ತು. ಒಳಕೋಣೆಯಲ್ಲಿ ಹುಡುಗಿಯೊಬ್ಬಳು ಒಂದೇ ಒಂದು ಸಾಲಿನ ಮಾತನ್ನು ಧ್ವನಿಮುದ್ರಿಸಲು ಕಾಯುತ್ತಿದ್ದಳು. ದಂಡಿನ ಕಡೆಯಿಂದ ಗಾಡಿಯೊಂದು ಹೊರಟು, ಹಾಸಿಗೆಯನ್ನು ಲೆಕ್ಕಿಸದೆ ಕಿಟಕಿಯನ್ನು ನಡುಗಿಸಿ, ಬಹಳ ನಿಧಾನವಾಗಿ ದಾಟಿಹೋಗುವ ತನಕ ಎಲ್ಲರೂ ಬಾಯಿಗೆ ಬೆರಳಿಟ್ಟುಕೊಂಡು ಕೂತರು. ಕೆಂಪು ಪುಸ್ತಕದ ಹಾಳೆಗಳು ಮುಗಿದಿದ್ದವು. ಮಿತ್ರರು ಹೊಸದೊಂದನ್ನು ತಂದು, ಮೊದಲ ಪುಟದ ಮೇಲ್ಗಡೆ ಶ್ರೀ ಬರೆದು, ಇನ್ನೂ ಹೆಸರಿಡದ ಚಿತ್ರದ ಖರ್ಚಿನ ಬಾಬಿನಲ್ಲಿ ಮೊದಲನೆಯ ಸಾಲನ್ನು ತುಂಬಿಸುತ್ತಿದ್ದರು: ‘ಲೆಕ್ಕದ ಪುಸ್ತಕ 1.’