ಕೀಲಿಮಣೆ ಮೌನ ತಾಳಿದಾಗ

ಹೊಸಪೇಟೆ, ಸಂಡೂರು, ಕಂಪ್ಲಿ ಸೀಮೆಯ ಶಾಲೆಗಳಿಗೆ ದಾನವಾಗಿ ಬಂದ ಗಣಕಯಂತ್ರವು ಜತನದಿಂದ ಕಾಯಬೇಕಾದ ಸೊತ್ತು. ಯಂತ್ರ ಚಾಲೂ ಆದೊಡನೆ ಅದರ ಕೀಲಿಮಣೆ ಸ್ತಬ್ಧವಾದರೆ, ಕೆಟ್ಟಿತೆಂದು ಬಿಸಾಡುವ ಮುನ್ನ ದೋಷದ ನೆಲೆಯನ್ನು ಅರಿಯಬೇಕು.

ಯಂತ್ರದಲ್ಲಿ ಮೊದಲು ಎಚ್ಚರಗೊಳ್ಳುವುದು ಬಯಾಸ್, ಅನಂತರ ವಿಂಡೋಸ್. ಬಯಾಸ್ ಪರದೆಯಲ್ಲಿ ಓಗೊಟ್ಟ ಕೀಲಿಗಳು ವಿಂಡೋಸ್ ಬಂದ ಮೇಲೆ ಮೌನ ತಾಳಿದರೆ, ಕೀಲಿಮಣೆ ಬಹುಮಟ್ಟಿಗೆ ನಿರ್ದೋಷಿ. ಆಗ ಮೌಸಿನಿಂದ ‘ರೀಸ್ಟಾರ್ಟ್’ ಮಾಡಬೇಕು. ಬರಿದೆ ಆರಿಸಿದರೆ ವಿಂಡೋಸ್ ಹಳೆಯ ಸ್ಥಿತಿಯನ್ನೇ ಕಾಪಿಟ್ಟಿರಬಹುದು. ತಂತಿಯನ್ನು ಬೇರೊಂದು ಯುಎಸ್‌ಬಿ ಕಿಂಡಿಗೆ ಸೇರಿಸಿ ನೋಡಬೇಕು. ಬಲಗಡೆಯ ಶಿಫ್ಟ್ ಕೀಲಿಯನ್ನು ಮಕ್ಕಳು 8 ಸೆಕೆಂಡು ಒತ್ತಿಹಿಡಿದಿದ್ದರೆ ‘ಫಿಲ್ಟರ್ ಕೀಸ್’ ಜಾಗೃತವಾಗಿ, ಕ್ಷಣಿಕ ಒತ್ತುಗಳನ್ನು ಯಂತ್ರ ಲೆಕ್ಕಿಸದಿರಬಹುದು; ಅದನ್ನು ‘ಸೆಟ್ಟಿಂಗ್ಸ್’ನಲ್ಲಿ ನಿಲ್ಲಿಸಬೇಕು.

ಬಯಾಸ್‌ನಲ್ಲಿಯೂ, ಬೇರೊಂದು ಯಂತ್ರದಲ್ಲಿಯೂ ಮೂಕವಾದುದನ್ನು ಮಾತ್ರ ಬದಲಿಸುವುದು ಯುಕ್ತ. ಪರೀಕ್ಷಿಸಿ ತ್ಯಜಿಸುವುದೇ ದಾನಕ್ಕೆ ಸಲ್ಲಿಸುವ ಗೌರವ.